ಲೈಡೆಫಾರ್ಮ್ ಎಂಬ ಮಾತು ಕಲಿತ ವಾರ

ಜರ್ಮನ್ ಭಾಷೆಯ ಹಳೆಯ ಶಾಲಾಪುಸ್ತಕಗಳಲ್ಲಿ ಕರ್ಮಣಿ ಪ್ರಯೋಗಕ್ಕೆ ಒಂದು ಜೋಡುಪದ ಇದೆ: ಲೈಡೆಫಾರ್ಮ್. ಲೈಡೆನ್ ಎಂದರೆ ನೋವು ಉಣ್ಣುವುದು, ಸಹಿಸುವುದು. ಫಾರ್ಮ್ ಎಂದರೆ ರೂಪ. ಎರಡೂ ಸೇರಿದರೆ ನೋವು ಉಣ್ಣುವ ರೂಪ. ಇದರ ಜೊತೆಯ ಪದ ಟಾಟ್‌ಫಾರ್ಮ್. ಟಾಟ್ ಎಂದರೆ ಮಾಡಿದ ಕೆಲಸ, ಕೃತ್ಯ. ಅದು ನಮ್ಮ ಕರ್ತರಿ ಪ್ರಯೋಗ. ಈ ಎರಡು ಪದಗಳನ್ನು ನಾನು ಮೊದಲು ಓದಿದ್ದು ರಾಮನಗರದ ಒಂದು ಬಾಡಿಗೆ ಕೋಣೆಯಲ್ಲಿ, ಒಂದು ಶನಿವಾರ ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ. ಹೊತ್ತನ್ನು ಹೇಳುತ್ತಿರುವುದಕ್ಕೆ ಕಾರಣವಿದೆ. ಮುಂದೆ ಎರಡು ವರ್ಷ ಆ ಹೊತ್ತನ್ನು ಬೇರೆಬೇರೆಯವರು ನನ್ನ ಬಾಯಿಂದ ಹೇಳಿಸಿದರು.

ರಾಮನಗರ ಇನ್ನೂ ಬೆಂಗಳೂರು ಜಿಲ್ಲೆಯಲ್ಲೇ ಇದ್ದ ಕಾಲ ಅದು. ನಾನು ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಊರು ಹೊಂಗನೂರು. ದಿನಾ ಚನ್ನಪಟ್ಟಣದ ಮೇಲೆ ಓಡಾಡಬಹುದಿತ್ತು. ಆದರೆ ಭಾನುವಾರ ಬೆಂಗಳೂರಿನಲ್ಲಿ ನಡೆಯುತ್ತಿದ್ದ ಜರ್ಮನ್ ತರಗತಿಗೆ ಬೆಳಗಿನ ರೈಲು ಹಿಡಿಯಬೇಕಾಗಿದ್ದರಿಂದ ರಾಮನಗರದಲ್ಲೇ ಕೋಣೆ ಮಾಡಿದ್ದೆ. ಕನ್ನಡ ಮೇಷ್ಟ್ರಿಗೆ ಜರ್ಮನ್ ಯಾಕೆ ಎಂದು ಎಲ್ಲರೂ ಕೇಳುತ್ತಿದ್ದರು. ಹಳೆಯ ಕನ್ನಡ ನಿಘಂಟು, ವ್ಯಾಕರಣಗಳ ಮೇಲೆ ಕೆಲಸ ಮಾಡಿದ ಜರ್ಮನ್ ಪಾದ್ರಿಗಳು ತಮ್ಮ ಭಾಷೆಯಲ್ಲಿ ಏನು ಟಿಪ್ಪಣಿ ಬರೆದಿಟ್ಟಿದ್ದಾರೋ ಓದಬೇಕೆಂಬ ಆಸೆ ನನಗಿತ್ತು, ಅಷ್ಟೇ.

ನನ್ನ ಕೋಣೆ ಮನೆಯ ಯಜಮಾನರ ಮಹಡಿಯ ಮೇಲಿತ್ತು. ಅದರ ಒಂದೇ ಕಿಟಕಿ ಹಿಂದಿದ್ದ, ಅವರದೇ ರೇಷ್ಮೆ ನೂಲು ತೆಗೆಯುವ ಶೆಡ್ಡಿನ ಕಡೆಗೆ ತೆರೆಯುತ್ತಿತ್ತು. ಶೆಡ್ಡಿಗೆ ಈ ಕಡೆ ಗೋಡೆ ಇರಲಿಲ್ಲ, ತಗಡಿನ ಮಾಡು ಮಾತ್ರ. ಸಾಲಾಗಿ ಎಂಟು ನೀರಿನ ತೊಟ್ಟಿಗಳು, ಪ್ರತಿ ತೊಟ್ಟಿಯ ಮುಂದೆ ಒಬ್ಬೊಬ್ಬ ಹೆಂಗಸು. ತೊಟ್ಟಿಯ ನೀರು ಬಿಸಿ, ಆದರೆ ಬೆರಳು ಅದ್ದಿ ತೆಗೆಯುವಷ್ಟು. ರೇಷ್ಮೆಗೂಡು ಬೇಯಿಸುವ ದೊಡ್ಡ ಬಾಣಲೆ ಬೇರೆಯೇ ಇತ್ತು, ದಕ್ಷಿಣದ ಮೂಲೆಯ ಮಣ್ಣಿನ ಒಲೆಯ ಮೇಲೆ. ಅದರಲ್ಲಿ ನೀರು ಸದಾ ಕುದಿಯುತ್ತಿತ್ತು. ಒಬ್ಬಳು ಮುದುಕಿ ಅಲ್ಲಿ ಗೂಡು ಬೇಯಿಸಿ ಜಾಲರಿ ಸೌಟಿನಲ್ಲಿ ಎಲ್ಲರ ತೊಟ್ಟಿಗೂ ಹಾಕುತ್ತಿದ್ದಳು. ಆ ಹೆಂಗಸರ ಬೆರಳುಗಳು ಯಾವಾಗಲೂ ಬೆಳ್ಳಗೆ ನೆನೆದು, ಸುಕ್ಕಾಗಿ, ಅಲ್ಲಲ್ಲಿ ಬೊಬ್ಬೆ ಎದ್ದಿರುತ್ತಿದ್ದವು. ನೂಲು ತೆಗೆಯುವವರ ಕೈ ಬೆಂದಿದೆ ಎಂದರೆ ರಾಮನಗರದಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ. ಈ ಮಾತು ಮುಖ್ಯ.

ನಾಲ್ಕನೆಯ ತೊಟ್ಟಿಯವಳು ಕನಕಪುರದ ಕಡೆಯವಳು, ಕಬ್ಬಾಳಿನ ಹತ್ತಿರದಿಂದ ಗಂಡನ ಜೊತೆ ಬಂದು ನೆಲೆಸಿದ್ದಳು. ವಯಸ್ಸು ಮೂವತ್ತರ ಮೇಲೆ, ಇಬ್ಬರು ಮಕ್ಕಳು. ನೂಲಿನ ತುದಿ ಹಿಡಿಯುವುದರಲ್ಲಿ ಆಕೆಯಷ್ಟು ಚುರುಕು ಆ ಶೆಡ್ಡಿನಲ್ಲಿ ಯಾರೂ ಇರಲಿಲ್ಲ ಎಂದು ಯಜಮಾನರೇ ನನ್ನೆದುರು ಹೇಳಿದ್ದರು.

ಆ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದು, ಊಟ ಮಾಡಿ, ಕಿಟಕಿಯ ಬಳಿ ಪುಸ್ತಕ ತೆರೆದು ಕೂತಿದ್ದೆ. ಕೆಳಗೆ ಯಜಮಾನರ ತಮ್ಮನ ದನಿ ಕೇಳಿಸಿತು. ಅವನು ಬೆಳಿಗ್ಗೆ ಮಾರ್ಕೆಟ್ಟಿನಿಂದ ತಾನೇ ಆರಿಸಿ ತಂದಿದ್ದ ಗೂಡು ಚೆನ್ನಾಗಿರಲಿಲ್ಲ. ಎಂಟು ತೊಟ್ಟಿಗಳಲ್ಲೂ ನೂಲು ಮತ್ತೆ ಮತ್ತೆ ಕಿತ್ತುಹೋಗುತ್ತಿತ್ತು.

"ಏನಮ್ಮೀ, ಕಿತ್ತು ಕಿತ್ತು ಒಗೀತಾ ಇದ್ದೀಯ? ನೂಲು ಬತ್ತಾ ಐತೋ ಕೂದ್ಲು ಬತ್ತಾ ಐತೋ?"

"ಗೂಡು ತಂದೋರ್ನ ಕೇಳಿ. ಹುಳುಕು ಗೂಡ್ನ ತಂದು ಸುರುದ್ಬುಟ್ಟು ನನ್ ಕೈ ಬೈದ್ರೆ ನೂಲು ಬಂದದಾ?" ಎಂದಳು ನಾಲ್ಕನೆಯ ತೊಟ್ಟಿಯವಳು.

"ಬಾಯಿ ಬಾಳ ಐತೆ ನಿಂಗೆ."

"ಬಾಯಿ ಇಲ್ದೆ ಇದ್ರೆ ಉಣ್ಣಾದೆಂಗೆ? ನೀವೇ ಒಸಿ ಕುಂತ್ಕಂಡು ತಗುದ್ ತೋರ್ಸಿ ಅಣ್ಣೋ. ನಾವೂ ಕಲ್ತ್ಕತೀವಿ."

ಎಲ್ಲರೂ ನಕ್ಕರು. ಒಲೆಯ ಬಳಿಯ ಮುದುಕಿ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನೂ ಮೇಲೆ ಕೂತು ನಕ್ಕೆ. ಆ ನಗು ಒಮ್ಮೆಲೇ ನಿಂತುಹೋಯಿತು, ಅದಕ್ಕೇ ನಾನು ಎದ್ದು ಕೆಳಗೆ ನೋಡಿದ್ದು.

ನಾನು ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಅವನು ಆಕೆಯ ಜಡೆಯನ್ನು ಯಾವ ಕ್ಷಣ ಹಿಡಿದನೋ ನಾನು ಕಾಣಲಿಲ್ಲ. ನಾನು ನೋಡುವಾಗ ಹಿಡಿದಾಗಿತ್ತು. ಎಡಗೈಯಲ್ಲಿ ಜಡೆ, ಬಲಗೈಯಲ್ಲಿ ಆಕೆಯ ಬಲ ಮಣಿಕಟ್ಟು. ಆಕೆ ಕಾಲು ನೆಲಕ್ಕೆ ಒತ್ತಿ ಹಿಂದಕ್ಕೆ ಎಳೆಯುತ್ತಿದ್ದಳು. ಶೆಡ್ಡಿನ ನೆಲ ಒದ್ದೆ, ಸತ್ತ ಹುಳುಗಳು ಬಿದ್ದು ಜಾರುತ್ತಿತ್ತು, ಹಿಮ್ಮಡಿ ನಿಲ್ಲಲಿಲ್ಲ. ನಾಲ್ಕನೆಯ ತೊಟ್ಟಿಯಿಂದ ಒಲೆಯವರೆಗೆ ಎಳೆದುಕೊಂಡು ಹೋದ. ದಾರಿಯಲ್ಲಿ ಆಕೆಯ ಮೊಣಕಾಲು ಮೂರನೆಯ ತೊಟ್ಟಿಯ ಅಂಚಿಗೆ ಬಡಿಯಿತು. "ಈ ಕೈ ನೆಟ್ಟಗಾಗ್ಬೇಕು ಕಣೇ" ಎಂದ. ಕೂಗಲಿಲ್ಲ, ಮಾಮೂಲಿ ದನಿಯಲ್ಲೇ ಹೇಳಿದ. ಮುದುಕಿ ಸೌಟು ಬಿಟ್ಟು ಪಕ್ಕಕ್ಕೆ ಸರಿದಳು. ಅವನು ಹಿಡಿತವನ್ನು ಮೊಣಕೈಯ ಹತ್ತಿರಕ್ಕೆ ಸರಿಸಿ, ಆಕೆಯ ಕೈಯನ್ನು ಕುದಿಯುವ ಬಾಣಲೆಗೆ ಅದ್ದಿ ಹಿಡಿದ. ಮಣಿಕಟ್ಟಿನ ಮೇಲೂ ನಾಲ್ಕು ಬೆರಳಷ್ಟು ನೀರು ಬಂದಿತ್ತು.

ಎಷ್ಟು ಹೊತ್ತು ಎಂದು ನನ್ನನ್ನು ಕೇಳಿದವರೆಲ್ಲರಿಗೂ ಗೊತ್ತಿಲ್ಲ ಎಂದಿದ್ದೇನೆ. ನಾನು ಎಣಿಸಲಿಲ್ಲ. ಆಕೆಯ ಮೊದಲ ಕೂಗು ಮುಗಿದು ಎರಡನೆಯದು ಶುರುವಾಗುವಾಗಲೂ ಕೈ ಒಳಗೇ ಇತ್ತು. ಅದನ್ನು ಹೇಳಬಲ್ಲೆ. ಆಮೇಲೆ ಅವನು ಬಿಟ್ಟು, ತನ್ನ ಬೆರಳ ಮೇಲೆ ಸಿಡಿದಿದ್ದ ನೀರನ್ನು ಪಂಚೆಗೆ ಒರೆಸಿಕೊಂಡು, ಬಾಗಿಲಿನ ಕಡೆ ನಡೆದ.

ನಾನು ಮೆಟ್ಟಿಲಿಳಿದು ಓಡಿದೆ. ಹೆಂಗಸರು ಆಕೆಯ ಸುತ್ತ ಕೂತು ಅಳುತ್ತಿದ್ದರು. ಕೈ ಆಗಲೇ ಊದುತ್ತಿತ್ತು. ಹಸಿರು ಗಾಜಿನ ಬಳೆಗಳು ಮಾಂಸದೊಳಕ್ಕೆ ಹೂತುಹೋಗುತ್ತಿದ್ದವು.

"ಬಳೆ ಒಡೀರಿ ಮೊದ್ಲು" ಎಂದೆ.

ಮುದುಕಿ ಎರಡು ಕೈಯನ್ನೂ ಸೆರಗಿನೊಳಗೆ ಎಳೆದುಕೊಂಡಳು. "ಅಯ್ಯೋ ಸಿವನೇ, ಮುತ್ತೈದೆ ಕೈ ಬಳೆ ನಾನೆಂಗ್ ಒಡೀಲಿ? ಅವಳ ಗಂಡ ಗುಂಡುಕಲ್ಲಂಗೆ ಅವ್ನೆ. ಸೋಪು ತತ್ತೀನಿ ಇರಿ, ಜಾರಸವ."

ಅವರು ಕೆಟ್ಟವರಲ್ಲ. ಗಂಡ ಬದುಕಿರುವವಳ ಬಳೆ ಒಡೆದರೆ ಅವನಿಗೆ ಕೇಡು ಎಂದು ನಿಜವಾಗಿ ನಂಬಿದ್ದರು. ಆಕೆಗೆ ಒಳ್ಳೆಯದಾಗಲಿ ಎಂದೇ ಸೋಪು ತಂದು ಹಚ್ಚಿ, ಇಬ್ಬರು ಹಿಡಿದು, ಮೊದಲ ಬಳೆಯನ್ನು ಕೆಳಕ್ಕೆ ಎಳೆದರು. ಬಳೆಯ ಜೊತೆ ಚರ್ಮ ಬಂತು. ಹಿಂಗೈಯಿಂದ ಗೆಣ್ಣುಗಳವರೆಗೆ, ಒದ್ದೆ ಬಟ್ಟೆ ಸುಲಿದಂತೆ. ಆದರೂ ನಿಲ್ಲಿಸಲಿಲ್ಲ, ಎರಡನೆಯದಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಹೊತ್ತು ಕಳೆದಿತ್ತು.

ಆಕೆ ಕಣ್ಣು ಬಿಟ್ಟು ನನ್ನನ್ನು ನೋಡಿದಳು. "ನೀವ್ ಒಡೀರಿ ಮೇಷ್ಟ್ರೇ. ಅವ್ನು ಸಾಯಕ್ಕಿಲ್ಲ. ನಾನ್ ಸಾಯ್ತೀನಿ."

ಮನೆಯ ಹಿತ್ತಿಲ ಬಾಗಿಲ ಬಳಿ ಮಸಾಲೆ ಅರೆಯುವ ಗುಂಡುಕಲ್ಲು ಕೈಗೆ ಸಿಕ್ಕಿತು. ಆಕೆಯ ಮಣಿಕಟ್ಟನ್ನು ತೊಟ್ಟಿಯ ಸಿಮೆಂಟ್ ಅಂಚಿನ ಮೇಲಿಟ್ಟು ಉಳಿದ ಬಳೆಗಳನ್ನು ಒಂದೊಂದಾಗಿ ಒಡೆದೆ. ಐದು. ನಾಲ್ಕನೆಯದರ ಚೂರು ಮಾಂಸಕ್ಕೆ ನೆಟ್ಟಿತು, ಅದನ್ನು ನನ್ನ ಉಗುರಿನಲ್ಲಿ ಕಿತ್ತೆ. ಬದುಕಿನಲ್ಲಿ ನಾನು ಇನ್ನೊಬ್ಬರ ಮೈಗೆ ಅಷ್ಟು ನೋವು ಮಾಡಿದ್ದು ಅದೊಂದೇ ಸಲ.

ಜಟಕಾದಲ್ಲಿ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಕೈ ನೋಡಿ, "ಬಳೆ ಮೊದಲೇ ಒಡೆಯಬೇಕಿತ್ತಲ್ರೀ" ಎಂದರು.

ಸಾಯಂಕಾಲ ಐದರ ಹೊತ್ತಿಗೆ ನಾನು ಕೋಣೆಗೆ ಮರಳಿದೆ. ಹಿಂದೆಯೇ ಯಜಮಾನರು ಒಬ್ಬ ಹೆಡ್ ಕಾನ್‌ಸ್ಟೇಬಲ್ಲನ್ನು ಕರೆದುಕೊಂಡು ಬಂದರು. ಯಜಮಾನರು ಮೆಲುಮಾತಿನವರು, ಕಾಫಿ ತರಿಸಿದರು. ಹೆಡ್ ಕಾನ್‌ಸ್ಟೇಬಲ್ ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದ. ಜಡೆ, ಮಣಿಕಟ್ಟು, ಒಲೆ, ಬಾಣಲೆ, ಎಲ್ಲ ಹೇಳಿದೆ.

"ಕಣ್ಣಾರೆ ಕಂಡೋರು ನೀವು, ಓದ್ದೋರು. ನಿಮ್ ಸೈನ್ ಇದ್ರೆ ಹೆಣ್ಮಗಳಿಗೇ ಒಳ್ಳೇದು ಮೇಷ್ಟ್ರೇ. ಸ್ಥಳ ಮಹಜರು. ಇಲ್ಲೇ ಬರೀತಾ ಕುಂತ್ರೆ ವತ್ತಾಯ್ತದೆ. ಕೆಳಗಡೆ ಸೈನ್ ಹಾಕ್ಬುಡಿ, ಸ್ಟೇಷನ್ನಲ್ಲಿ ನಿಧಾನಕ್ಕೆ ಬರ್ಕತೀನಿ."

ಮಹಜರು ಎಂದರೆ ನಡೆದ ಜಾಗದಲ್ಲಿ ಏನೇನು ಎಲ್ಲೆಲ್ಲಿತ್ತು ಎಂದು ಸಾಕ್ಷಿಗಳ ಎದುರು ಬರೆಯುವ ಕಾಗದ. ನಾನು ಮೂರು ಖಾಲಿ ಹಾಳೆಗಳ ಕೆಳಗೆ ಸಹಿ ಮಾಡಿದೆ.

ಇದನ್ನು ಬೇರೆ ಕಡೆಯವರು ನಂಬುವುದಿಲ್ಲ. ನಮ್ಮ ಕಡೆ ಮೇಷ್ಟ್ರ ಸಹಿ ಎಂಬುದು ಕುಡಿಯುವ ನೀರಿನ ಹಾಗೆ, ಕೇಳಿದವರಿಗೆ ಇಲ್ಲ ಎನ್ನುವಂತಿರಲಿಲ್ಲ. ಹೊಂಗನೂರಿನಿಂದ ಜನ ರೇಷನ್ ಕಾರ್ಡಿನ ಅರ್ಜಿ, ಶಾಲೆ ಬಿಟ್ಟ ಪತ್ರ, ವಯಸ್ಸಿನ ದಾಖಲೆ ಎಂದು ಬರುತ್ತಿದ್ದರು. "ಕೆಳಗ್ ಹಾಕ್ಬುಡಿ ಮೇಷ್ಟ್ರೇ, ಮ್ಯಾಲೆ ಬರುಸ್ಕತೀವಿ" ಎನ್ನುತ್ತಿದ್ದರು. ನಾನು ಹಾಕುತ್ತಿದ್ದೆ. ಮೇಲೆ ಏನು ಬರೆದಿದೆ ಎಂದು ಕೇಳುವುದು ಅವರನ್ನು ಅನುಮಾನಿಸಿದ ಹಾಗೆ, ದೊಡ್ಡಸ್ತಿಕೆ ತೋರಿಸಿದ ಹಾಗೆ. ಆ ಸಂಜೆ ನನ್ನ ಉಗುರಿನ ಸಂದಿಯಲ್ಲಿ ಇನ್ನೂ ರಕ್ತ ಇತ್ತು. ಆದರೆ ಸಹಿ ಮಾಡಿದ್ದು ಗಾಬರಿಯಿಂದಲ್ಲ, ಅಭ್ಯಾಸದಿಂದ.

ಮರುದಿನ ಬೆಂಗಳೂರಿಗೆ ಹೋದೆ. ಯಾಕೆ ಹೋದೆನೋ ಹೇಳಲಾರೆ. ಆ ಕಿಟಕಿಯ ಪಕ್ಕ ಕೂತಿರಲಾಗಲಿಲ್ಲ ಎಂದು ಕಾಣುತ್ತದೆ. ನಮಗೆ ಕಲಿಸುತ್ತಿದ್ದವರು ಯೌವನದಲ್ಲಿ ಜರ್ಮನಿಯಲ್ಲಿ ತರಬೇತಿ ಪಡೆದಿದ್ದ ನಿವೃತ್ತ ಎಂಜಿನಿಯರ್. ಅಂದಿನ ಪಾಠ ಕರ್ಮಣಿ ಪ್ರಯೋಗವೇ. ನಾನು ಎದ್ದು ಕೇಳಿದೆ: "ಸರ್, ವ್ಯಾಕರಣದ ಪದದೊಳಕ್ಕೆ ನೋವು ಹೇಗೆ ಬಂತು?"

"ಲ್ಯಾಟಿನ್‌ನಿಂದ ಬಂತು" ಎಂದರು. "ಅಲ್ಲೂ ಈ ಪ್ರಯೋಗದ ಹೆಸರು ಸಹಿಸು ಅನ್ನೋ ಧಾತುವಿಂದಲೇ ಆದದ್ದು. ಲ್ಯಾಟಿನ್ ಪದ ಮಕ್ಕಳಿಗೆ ತಿಳಿಯೋದಿಲ್ಲ ಅಂತ ಜರ್ಮನ್ ಮೇಷ್ಟ್ರುಗಳು ಅದನ್ನ ತಮ್ಮ ಮಾತಿಗೆ ತಿರುಗಿಸಿಕೊಂಡರು. ಆದರೆ ನೋಡಿ, ಒಂದು ಮೋಜಿದೆ. ಲೈಡೆನ್ ಅನ್ನೋ ಕ್ರಿಯಾಪದಕ್ಕೆ ಬಹಳ ಹಿಂದೆ ನೋವು ಅನ್ನೋ ಅರ್ಥವೇ ಇರಲಿಲ್ಲ."

"ಮತ್ತೇನಿತ್ತು ಸರ್?"

"ಹೋಗು. ಪ್ರಯಾಣ ಮಾಡು. ಹಾದುಹೋಗು. ಕಷ್ಟವನ್ನ ಹಾದುಹೋಗೋದು, ಅಲ್ಲಿಂದ ಸಹಿಸೋದು. ಲೈಡ್ ಅಂತ ಇನ್ನೊಂದು ನಾಮಪದ ಇದೆಯಲ್ಲ, ದುಃಖ ಅಂತ, ಅದರ ಮೂಲವೇ ಬೇರೆ. ಹಗೆ, ಅಸಹ್ಯ ಅನ್ನೋ ಕಡೆಯಿಂದ ಬಂದದ್ದು. ಎರಡರ ಉಚ್ಚಾರವೂ ಹತ್ತಿರವಾಯ್ತು, ಜನ ತಾಯಿ ಮಗು ಅಂದ್ಕೊಂಡರು."

ಪಕ್ಕದಲ್ಲಿದ್ದವರು ಬರೆದುಕೊಂಡರು. ನಾನು ನಮ್ಮ ಮಾತಿನ ಬಗ್ಗೆ ಯೋಚಿಸುತ್ತಿದ್ದೆ. ನಮ್ಮ ಕರ್ಮಣಿ ಪ್ರಯೋಗದ ಕೊನೆಗೆ ಬರುವ "ಪಡು" ಕೂಡ ನೋವು ಪಡು, ಸಂಕಟ ಪಡು ಎನ್ನುವಾಗಿನ ಪಡುವೇ. ಅದರ ಹಿಂದಿನ ಅರ್ಥ ಮಲಗು, ಮುಳುಗು. ಸೂರ್ಯ ಮುಳುಗುವ ದಿಕ್ಕು ಪಡುವಣ ಆದದ್ದು ಹಾಗೆ. ಅವರ ಪದ ನಡೆಯುತ್ತ ನೋವಿಗೆ ಬಂದು ಸೇರಿದೆ, ನಮ್ಮದು ನೆಲಕ್ಕೊರಗಿ ಬಂದು ಸೇರಿದೆ. ಎರಡು ಭಾಷೆಗಳೂ ಒಂದನ್ನೊಂದು ಕಾಣದೆ, ಏಟು ತಿಂದವನ ಕಡೆಯಿಂದ ವಾಕ್ಯ ಹೇಳಬೇಕಾದಾಗ ನೋವಿನ ಪದಕ್ಕೇ ಕೈ ಹಾಕಿವೆ. ಇದು ಹೊಳೆದಾಗ ನನಗೆ ಒಂದು ಕ್ಷಣ ಸಂತೋಷವಾಯಿತು. ಆ ಸಂತೋಷವನ್ನೂ ಇಲ್ಲಿ ಬರೆದಿಡಬೇಕು. ಆಸ್ಪತ್ರೆಯಲ್ಲಿ ಆಕೆ ಮಲಗಿ ಒಂದು ಹಗಲೂ ಪೂರ್ತಿ ಆಗಿರಲಿಲ್ಲ.

ಸೋಮವಾರ ಶಾಲೆ ಮುಗಿಸಿ ಆಸ್ಪತ್ರೆಗೆ ಹೋದೆ. ಕಿರುಬೆರಳು, ಉಂಗುರದ ಬೆರಳು ಕಪ್ಪಾಗಿದ್ದವು, ತೆಗೆಯಬೇಕು ಎಂದಿದ್ದರು. ಆಕೆಯ ಗಂಡ ಮಂಚದ ಕಾಲಬಳಿ ಕೂತಿದ್ದ, ನನ್ನನ್ನು ಕಂಡು ಎದ್ದು ನಿಂತ.

"ಬೆಳಗ್ಗೆ ಪೊಲೀಸ್ನೋರು ಬಂದಿದ್ರು" ಎಂದಳು ಆಕೆ. "ಕೈ ಜಾರಿ ಬಿಸ್ನೀರ್ಗೆ ಬಿತ್ತು ಅಂತ ಬರುದವ್ರೆ. ಎಡಗೈ ಎಬ್ಬೆಟ್ಟು ಒತ್ತು ಅಂದ್ರು. ಒತ್ತಕ್ಕಿಲ್ಲ ಓಗಿ ಅಂದೆ. ಮೇಷ್ಟ್ರೇ ಸೈನ್ ಹಾಕವ್ರಲ್ಲ, ನಿಂದೇನು ಅಂದ್ರು. ನೀವ್ ಆಕಿದ್ದೀರಾ?"

"ಖಾಲಿ ಹಾಳೆಗೆ ಹಾಕಿದೆ" ಎಂದೆ.

ಆಕೆ ಬೈಯಲಿಲ್ಲ. "ನಂಗೆ ಅವನ್ ತಾವ ಬೇರೇನೂ ಬ್ಯಾಡ ಮೇಷ್ಟ್ರೇ. ಅವ್ನೇ ಅದ್ದಿದ ಅಂತ ಒಂದ್ ಕಡೆ ಬರೀಲಿ. ಜಾರ್ತು ಅಂತ ಇದ್ರೆ ನಾಳೀಕೆ ನನ್ ಮಕ್ಳೂ ಅಂಗೇ ಅಂತವೆ. ನಮ್ಮವ್ವ ಕೈ ಜಾರುಸ್ಕಂಡ್ಳು ಅಂತವೆ."

ನಾನು ನೇರವಾಗಿ ಠಾಣೆಗೆ ಹೋದೆ. ಹೆಡ್ ಕಾನ್‌ಸ್ಟೇಬಲ್ ಹಾಳೆಗಳನ್ನು ತೋರಿಸಿದ, ಬಚ್ಚಿಡಲಿಲ್ಲ. ಗೂಡು ಬೇಯಿಸುವ ಬಾಣಲೆ ನಾಲ್ಕನೆಯ ತೊಟ್ಟಿಯ ಪಕ್ಕದಲ್ಲಿ ಒಂದು ಅಡಿ ದೂರದಲ್ಲಿತ್ತು ಎಂದು ಬರೆದಿತ್ತು. ಒಲೆಯ ಮೂಲೆ ಅದರಲ್ಲಿರಲಿಲ್ಲ. ಯಜಮಾನರ ತಮ್ಮನೂ ಇರಲಿಲ್ಲ. ಕೆಳಗೆ ನನ್ನ ಸಹಿ, ನಾನು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾಡುವಷ್ಟೇ ನೀಟಾಗಿ.

"ಇದು ಸುಳ್ಳು" ಎಂದೆ.

"ಸೈನ್ ನಿಮ್ದೇ ತಾನೆ ಮೇಷ್ಟ್ರೇ?" ಎಂದು ನಕ್ಕ. "ಕನ್ನಡ ಮೇಷ್ಟ್ರಿಗೆ ಓದಿ ಸೈನ್ ಆಕ್ಬೇಕು ಅಂತ ನಾನ್ ಯೋಳ್ಕೊಡ್ಬೇಕಾ?"

ನಾನು ಮನೆಗೆ ಬರುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಯಜಮಾನರ ತಮ್ಮ ಮಹಡಿ ಮೆಟ್ಟಿಲ ಮೇಲೆ ಕೂತಿದ್ದ. "ಏನ್ಲಾ ಮೇಷ್ಟ್ರೇ, ಅವಳಿಗೆ ಬಳೆ ಒಡುದ್ಯಂತೆ. ಇನ್ನೊಂದ್ ಜೊತೆ ತೊಡುಸ್ಬುಡು ಮತ್ತೆ" ಎಂದ. ನಾನು ದಾಟಲು ಹೋದೆ. ಮೊದಲ ಏಟು ಕಿವಿಯ ಮೇಲೆ ಬಿತ್ತು. ಆಮೇಲಿನದು ಸಾಲಾಗಿ ನೆನಪಿಲ್ಲ. ನಾನು ಮೆಟ್ಟಿಲಿನ ಅಂಚಿಗೆ ಬಾಯಿ ಬಡಿದು ಬಿದ್ದೆ, ಮುಂದಿನ ಹಲ್ಲು ಅರ್ಧ ಮುರಿಯಿತು. ಅವನು ನನ್ನ ಪಕ್ಕೆಗೆ ಒದೆಯುವಾಗ ಚಪ್ಪಲಿ ಕಳಚಿಟ್ಟಿದ್ದ, ಬರಿಗಾಲಲ್ಲಿ ಒದ್ದ. ಯಜಮಾನರು ಬಾಗಿಲಲ್ಲಿ ನಿಂತು, "ಬುಡೋ, ಸಾಕು ಬುಡೋ" ಎನ್ನುತ್ತಿದ್ದರು, ಹಸುವನ್ನು ಕಟ್ಟುವವರ ದನಿಯಲ್ಲಿ. ನನ್ನ ಪೆಟ್ಟಿಗೆಯನ್ನೂ ಪುಸ್ತಕಗಳನ್ನೂ ಬೀದಿಗೆ ಎಸೆದರು. ಆ ಸಂಜೆಯೇ ಹೊಂಗನೂರಿನ ಬಸ್ಸು ಹತ್ತಿದೆ. ಜರ್ಮನ್ ತರಗತಿಗೆ ಮತ್ತೆ ಹೋಗಲಿಲ್ಲ.

ಠಾಣೆಯವರು ಆಕಸ್ಮಿಕ ಎಂದು ಬರೆದು ಮುಗಿಸಿದರು. ಆಕೆ ಕನಕಪುರದ ಒಬ್ಬ ವಕೀಲರನ್ನು ಹಿಡಿದು, ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಟ್ಟಳು. ಆ ಹೊತ್ತಿಗೆ ಆಕೆಯ ಬಲಗೈಯಲ್ಲಿ ಮೂರು ಬೆರಳು ಉಳಿದಿದ್ದವು. ಅವುಗಳಲ್ಲಿ ಎರಡು ಒಂದಕ್ಕೊಂದು ಅಂಟಿಕೊಂಡಿದ್ದವು. ಶೆಡ್ಡಿನ ಹೆಂಗಸರು ಯಾರೂ ಸಾಕ್ಷಿಗೆ ಬರಲಿಲ್ಲ. ಅವರು ಅಲ್ಲೇ ದುಡಿಯಬೇಕಾಗಿತ್ತು. ನಾನೊಬ್ಬನೇ ಹೋದೆ.

ಕಟಕಟೆಯಲ್ಲಿ ನಿಂತು ನಾನು ಕಂಡದ್ದನ್ನು ಈಗ ಬರೆದಿರುವ ಹಾಗೆಯೇ ಹೇಳಿದೆ. ಸಾಕ್ಷಿಗೆ ಕರೆ ಬರುವ ಮೊದಲೊಂದು ದಿನ, ಶೆಡ್ಡಿನ ಹೊರಗೆ ಬೇಲಿಯ ಉದ್ದಕ್ಕೂ ನಡೆದು, ನಾಲ್ಕನೆಯ ತೊಟ್ಟಿಯ ನೇರದಿಂದ ಒಲೆಯ ನೇರದವರೆಗೆ ಹೆಜ್ಜೆ ಎಣಿಸಿದ್ದೆ. ಒಂಬತ್ತು. ಅದನ್ನೂ ಹೇಳಿದೆ. ಎದುರು ಪಕ್ಷದ ವಕೀಲರು ಮಹಜರನ್ನು ನನ್ನ ಕೈಗೆ ಕೊಟ್ಟರು.

"ಈ ಸಹಿ ಯಾರದು?"

"ನನ್ನದು."

"ಬಾಣಲೆ ಒಂದು ಅಡಿ ದೂರ ಅಂತಿದೆ. ಓದಿ ಸಹಿ ಮಾಡಿದಿರಾ, ಓದದೆ ಮಾಡಿದಿರಾ?"

"ಓದಲು ಏನೂ ಇರಲಿಲ್ಲ. ಹಾಳೆ ಖಾಲಿ ಇತ್ತು."

"ಮಕ್ಕಳಿಗೆ ಪಾಠ ಹೇಳುವವರು ಖಾಲಿ ಹಾಳೆಗೆ ಸಹಿ ಮಾಡುತ್ತೀರಿ. ಹಾಗಾದರೆ ನಿಮ್ಮ ಯಾವ ಮಾತು ತುಂಬಿದ್ದು, ಯಾವುದು ಖಾಲಿ, ನ್ಯಾಯಾಲಯಕ್ಕೆ ಹೇಗೆ ತಿಳಿಯಬೇಕು?"

ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ಯಜಮಾನರ ತಮ್ಮ ತನ್ನ ವಕೀಲರ ಹಿಂದೆ ಬಿಳಿ ಅಂಗಿಯಲ್ಲಿ ಕೂತಿದ್ದ. ಎರಡೂ ಕೈ ಮೊಣಕಾಲ ಮೇಲೆ, ಹತ್ತು ಬೆರಳೂ ಬಿಡಿಸಿಕೊಂಡು.

ತೀರ್ಪಿನ ದಿನ ಅವನನ್ನು ಬಿಟ್ಟರು. ನಾವು ಕೋರ್ಟಿನ ಹೊರಗೆ ಬಂದು ಹೊಂಗೆಮರದ ಕೆಳಗೆ ನಿಂತೆವು. ಅವನ ಕಡೆಯವರು ಗೇಟಿನ ಬಳಿ ಹಾರ ಹಾಕಿ ಕೂಗುತ್ತಿದ್ದರು. ಆಕೆ ಅತ್ತ ತಿರುಗಲಿಲ್ಲ.

"ಅದ್ರಲ್ಲಿ ಏನಂತ ಬರುದವ್ರೆ, ಓದಿ ಮೇಷ್ಟ್ರೇ" ಎಂದಳು.

ನಾನು ವಕೀಲರಿಂದ ಪ್ರತಿ ಇಸಿದುಕೊಂಡು, ಜಾಗ ಹುಡುಕಿ ಓದಿದೆ. ಆರೋಪಿಯು ಫಿರ್ಯಾದಿಯ ಬಲಗೈಯನ್ನು ಹಿಡಿದು ಕುದಿಯುವ ಬಾಣಲೆಯೊಳಕ್ಕೆ ಅದ್ದಿದನೆಂದು ಸಾಕ್ಷಿಯು ನುಡಿದಿರುತ್ತಾನೆ. ಆದರೆ...

"ನಿಲ್ಸಿ" ಎಂದಳು. "ಅದ್ದಿದ ಅಂತ ಐತಾ?"

"ಇದೆ."

"ಅವನ್ ಎಸ್ರು ಐತಾ?"

"ಇದೆ. ಮೇಲೆ ಇದೆ."

"ಎಲ್ಲಿ, ಬೆರಳಿಟ್ಟು ತೋರ್ಸಿ."

ತೋರಿಸಿದೆ. ಆಕೆ ಆ ಸಾಲನ್ನು ನೋಡಿದಳು. ಓದಲು ಬರುತ್ತಿರಲಿಲ್ಲ, ಆದರೂ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆಮೇಲೆ ಕಾಗದವನ್ನು ಗಂಡನ ಕೈಗೆ ಕೊಟ್ಟು, "ಮಡಸ್ಬ್ಯಾಡ, ಅಂಗೇ ಇಡ್ಕ" ಎಂದಳು. ಉಳಿದದ್ದನ್ನು ಓದಲು ಹೇಳಲಿಲ್ಲ, ನಾನೂ ಓದಲಿಲ್ಲ.

"ಆದರೆ" ಎಂಬಲ್ಲಿಂದ ಮುಂದೆ ಎರಡು ಪುಟವಿದೆ. ಅದರಲ್ಲಿರುವುದು ನನ್ನ ಸಹಿಯ ವಿಷಯ. ಅವನನ್ನು ಬಿಡಿಸಿದ್ದು ಆ ಎರಡು ಪುಟ.